ನಮ್ಮ ಚರ್ಚಿನ ದಾಖಲೆ ಪುಸ್ತಕಗಳು: ಮೂಲ ಮತ್ತು ನಕಲು

ಶತಮಾನೋತ್ಸವದ ಈ ಶುಭವರ್ಷದಲ್ಲಿ ನಮ್ಮ ದೇವಾಲಯವನ್ನು ಕಟ್ಟಿದ ಹಿರಿಯರನ್ನೂ ಇಲ್ಲಿ ಸೇವೆ ಸಲ್ಲಿಸಿದ ಪೂಜ್ಯ ಗುರುಗಳನ್ನೂ ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಗುರುನಿವಾಸದ ಕಪಾಟಿನಲ್ಲಿರುವ ಕೆಲವು ದಪ್ಪ ಪುಸ್ತಕಗಳನ್ನು ಸ್ಮರಿಸುವವರು ಮಾತ್ರ ವಿರಳ. ಜ್ಞಾನಸ್ನಾನ, ವಿವಾಹ ಮತ್ತು ಮರಣಗಳ ಈ ಪುಸ್ತಕಗಳಲ್ಲಿ ಶ್ರೀಮಂತನ ಹೆಸರಿಗೂ ಗೇಣಿದಾರನ ಹೆಸರಿಗೂ ಸಮಾನ ಸ್ಥಾನವಿದೆ. ಶಿಲಾಶಾಸನದಲ್ಲಿ ಹೆಸರಿಲ್ಲದ ನಮ್ಮ ಪೂರ್ವಜರಿಗೆ ಇವೇ ಶಾಸನಗಳು.

ಈ ಪುಸ್ತಕಗಳು ವಂಶಾವಳಿಯ ಕುತೂಹಲಕ್ಕಾಗಿ ಹುಟ್ಟಿದವಲ್ಲ. ಗುಟ್ಟಾಗಿ ನಡೆಯುತ್ತಿದ್ದ ಮದುವೆಗಳನ್ನೂ ನಿಷಿದ್ಧ ಸಂಬಂಧಗಳನ್ನೂ ತಡೆಯುವ ಉದ್ದೇಶದಿಂದ ಟ್ರೆಂಟ್ ಮಹಾಸಭೆಯು 1563ರಲ್ಲಿ ಪ್ರತಿಯೊಬ್ಬ ವಿಚಾರಣೆ ಗುರುಗಳೂ ವಿವಾಹಗಳ ಪುಸ್ತಕವನ್ನು ಇಡಬೇಕೆಂದೂ, ಜ್ಞಾನಸ್ನಾನದಲ್ಲಿ ಜ್ಞಾನತಂದೆ ಜ್ಞಾನತಾಯಿಯರ ಹೆಸರನ್ನು ಬರೆದಿಡಬೇಕೆಂದೂ ವಿಧಿಸಿತು. 1614ರ ರೋಮನ್ ಸಂಸ್ಕಾರವಿಧಿ ಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಮತ್ತು ಕುಟುಂಬವಾರು ವಿಶ್ವಾಸಿಗಳ ಪಟ್ಟಿ ಎಂಬ ಐದು ಪುಸ್ತಕಗಳ ಮಾದರಿಯನ್ನು ಕೊಟ್ಟಿತು. 1917ರ ಧರ್ಮಸಭೆಯ ಕಾನೂನು ಸಂಹಿತೆಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕುಟುಂಬಗಳ ಪಟ್ಟಿಯನ್ನು ಬಿಟ್ಟು ಉಳಿದ ಪುಸ್ತಕಗಳ ಅಧಿಕೃತ ನಕಲನ್ನು ಪ್ರತಿ ವರ್ಷದ ಕೊನೆಗೆ ಧರ್ಮಾಧ್ಯಕ್ಷರ ಕಾರ್ಯಾಲಯಕ್ಕೆ ಕಳುಹಿಸಬೇಕೆಂದು ಆಜ್ಞಾಪಿಸಿತು. ಆದಕಾರಣ ಒಂದೇ ಸಂಗತಿಗೆ ಎರಡು ಸಾಕ್ಷಿಗಳಿರುವ ಸಾಧ್ಯತೆಯುಂಟು: ಚರ್ಚಿನಲ್ಲಿ ಮೂಲ, ಧರ್ಮಪ್ರಾಂತ್ಯದಲ್ಲಿ ನಕಲು.

ನಮ್ಮ ಕರಾವಳಿಯ ಕುಟುಂಬಗಳು ಹಿಂದಕ್ಕೆ ಹುಡುಕುತ್ತಾ ಹೋದರೆ ಬಹುಬೇಗ ಒಂದು ಗೋಡೆಗೆ ಎದುರಾಗುತ್ತವೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು, ಚರ್ಚುಗಳು ನೆಲಸಮವಾದವು. 1799ರ ನಂತರ ಮರಳಿ ಬಂದವರು ಗುಡಿಸಲುಗಳಲ್ಲಿ ಬಾಳನ್ನು ಹೊಸದಾಗಿ ಆರಂಭಿಸಿದರು. ಕೆಡವಲ್ಪಟ್ಟ ಚರ್ಚಿನ ಪುಸ್ತಕ ಉಳಿಯುವುದು ಅಪರೂಪ. ಅದಕ್ಕೂ ಹಿಂದಿನ ಎಳೆಯನ್ನು ಹಿಡಿಯಬೇಕಾದವರು ಪೂರ್ವಜರು ಹೊರಟುಬಂದ ಗೋವೆಯ ಕಡೆಗೆ ನೋಡಬೇಕು. ಅಲ್ಲಿನ ಅನೇಕ ಹಳೆಯ ಧರ್ಮಕೇಂದ್ರಗಳ ಪುಸ್ತಕಗಳು ಪಣಜಿಯ ಸರ್ಕಾರಿ ಪತ್ರಾಗಾರದಲ್ಲಿವೆ. ಆದರೆ ಊರಿನ ಹೆಸರು ತಿಳಿಯದೆ ಅಲ್ಲಿಗೆ ಹೋಗುವುದು ವ್ಯರ್ಥ ಪ್ರಯಾಸ. ಗೋವೆಯಲ್ಲಿ ಜ್ಞಾನಸ್ನಾನ ಪಡೆದ ಕುಟುಂಬಗಳಿಗೆ ಜ್ಞಾನತಂದೆಯ ಅಥವಾ ಗುರುಗಳ ಉಪನಾಮ ಬಂದದ್ದುಂಟು. ಆದ್ದರಿಂದ ಡಿಸೋಜರೆಲ್ಲ ಒಂದೇ ಕುಲದವರಲ್ಲ, ಪಿಂಟೊಗಳೆಲ್ಲ ದಾಯಾದಿಗಳಲ್ಲ. ಉಪನಾಮಕ್ಕಿಂತ ಮನೆಯ ಹೆಸರು ಮತ್ತು ಊರು ಹೆಚ್ಚು ನಂಬಲರ್ಹವಾದ ಗುರುತುಗಳು.

ಪುಸ್ತಕ ಎಲ್ಲಿದೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ನಮ್ಮ ಚರ್ಚಿಗೆ ನೂರು ವರ್ಷ. ಅದಕ್ಕೂ ಮೊದಲು ಈ ಊರಿನಲ್ಲಿ ಹುಟ್ಟಿದವರ ಹೆಸರು ಮಾತೃ ಚರ್ಚಿನ ಪುಸ್ತಕದಲ್ಲಿರುತ್ತದೆ. ಮಂಗಳೂರು ಧರ್ಮಪ್ರಾಂತ್ಯವು 1886ರಲ್ಲಿ ಸ್ಥಾಪಿತವಾಯಿತು. ಅದರಿಂದ ಉಡುಪಿ ಧರ್ಮಪ್ರಾಂತ್ಯವು ಬೇರ್ಪಟ್ಟದ್ದು 2012ರಲ್ಲಿ. ಆದುದರಿಂದ ಉಡುಪಿಯ ಕಡೆಯವರು ಹಳೆಯ ನಕಲುಗಳನ್ನು ಮಂಗಳೂರಿನಲ್ಲಿಯೂ ವಿಚಾರಿಸಬೇಕು. ವಿವಾಹಗಳಿಗೆ ಮತ್ತೊಂದು ದಾರಿಯುಂಟು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ಕಥೋಲಿಕ ವಿವಾಹಗಳ ವಿವರವನ್ನು ಮೂರು ತಿಂಗಳಿಗೊಮ್ಮೆ ಸರ್ಕಾರದ ಪ್ರಧಾನ ನೋಂದಣಾಧಿಕಾರಿಗೆ ಕಳುಹಿಸಬೇಕಾಗಿತ್ತು. 1956ರವರೆಗೆ ದಕ್ಷಿಣ ಕನ್ನಡವು ಮದರಾಸಿನ ಆಡಳಿತದಲ್ಲಿದ್ದುದರಿಂದ ಆ ಕಾಲದ ವಿವರಗಳನ್ನು ಅಲ್ಲಿ ಹುಡುಕುವುದು ಯುಕ್ತ.

ಹೀಗೆ ನಕಲಿನಿಂದ ಉಪಕಾರ ಬಹಳ. ಆದರೂ ನಕಲು ಮೂಲಕ್ಕೆ ಸಮವಲ್ಲ. ಹಳೆಯ ದಾಖಲೆಗಳು ಸಾಮಾನ್ಯವಾಗಿ ಲ್ಯಾಟಿನ್ ಭಾಷೆಯಲ್ಲಿ, ಕೆಲವು ಪೋರ್ಚುಗೀಸಿನಲ್ಲಿ ಇವೆ. ಮನೆಯಲ್ಲಿ ಜುವಾಂವ್ ಆಗಿದ್ದವನು ಪುಸ್ತಕದಲ್ಲಿ ಜೊಆನ್ನೆಸ್ ಆಗುತ್ತಾನೆ. ಅವನ ಮಗನ ದಾಖಲೆಯಲ್ಲಿ 'ಜೊಆನ್ನೆಸನ ಮಗ' ಎಂಬ ಅರ್ಥದಲ್ಲಿ ಜೊಆನ್ನಿಸ್ ಎಂದಿರುತ್ತದೆ. ವ್ಯಾಕರಣ ತಿಳಿಯದ ನಕಲುಗಾರ ಇವರಿಬ್ಬರೂ ಬೇರೆ ವ್ಯಕ್ತಿಗಳೆಂದು ಭಾವಿಸುತ್ತಾನೆ. ಹಳೆಯ ಗುರುಗಳು ಸೆಪ್ಟೆಂಬರನ್ನು ಏಳರ ಅಂಕಿಯಿಂದಲೂ ಅಕ್ಟೋಬರನ್ನು ಎಂಟರ ಅಂಕಿಯಿಂದಲೂ ಸಂಕ್ಷೇಪಿಸಿ ಬರೆಯುತ್ತಿದ್ದುದುಂಟು, ಏಕೆಂದರೆ ಲ್ಯಾಟಿನ್ನಿನಲ್ಲಿ ಆ ತಿಂಗಳ ಹೆಸರುಗಳಿಗೆ ಅದೇ ಅರ್ಥ. ಅರಿಯದವರು ಅದನ್ನು ಜುಲೈ, ಆಗಸ್ಟ್ ಎಂದು ಇಳಿಸಿಕೊಳ್ಳುತ್ತಾರೆ. ಜನನದ ದಿನವೂ ಜ್ಞಾನಸ್ನಾನದ ದಿನವೂ ಅದಲುಬದಲಾಗುತ್ತವೆ. ಇವೆಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಪುಟದ ಅಂಚಿನ ಬರಹಗಳು ನಕಲಿನಲ್ಲಿ ಬಿಟ್ಟುಹೋಗುವುದು. 1908ರಿಂದ ಜಾರಿಗೆ ಬಂದ ನಿಯಮದಂತೆ, ಒಬ್ಬನು ಎಲ್ಲಿಯೇ ಮದುವೆಯಾಗಲಿ, ಆ ಸುದ್ದಿಯು ಅವನ ಜ್ಞಾನಸ್ನಾನದ ಚರ್ಚಿಗೆ ತಲುಪಿ ಅಂಚಿನಲ್ಲಿ ದಾಖಲಾಗಬೇಕು.

ಇದರ ಬೆಲೆ ನನಗೆ ತಿಳಿದದ್ದು ನಮ್ಮ ಮನೆಯ ಒಂದು ಸಂಗತಿಯಿಂದ. ನನ್ನ ಅಜ್ಜಿಯ ಅಣ್ಣ ಯೌವನದಲ್ಲಿ ಕೆಲಸ ಹುಡುಕುತ್ತಾ ಮುಂಬಯಿಗೆ ಹೋದವರು. ಎರಡು ಪತ್ರ ಬಂದವು, ಮತ್ತೆ ಸುದ್ದಿಯಿಲ್ಲ. ತೀರಿಕೊಂಡರೆಂದೇ ಭಾವಿಸಿ ಅಜ್ಜಿ ಪ್ರತಿ ವರ್ಷ ನವೆಂಬರ್ 2ರಂದು ಅವರ ಹೆಸರಿನಲ್ಲಿ ಒಂದು ಮೇಣದ ಬತ್ತಿ ಹಚ್ಚುತ್ತಿದ್ದರು. ಮಾತೃ ಚರ್ಚಿನಲ್ಲಿ ನಾನು ಮೊದಲು ನೋಡಿದ್ದು, ಹಳೆಯ ಪುಸ್ತಕ ಶಿಥಿಲವಾದಾಗ ಯಾರೋ ಶ್ರದ್ಧೆಯಿಂದ ಬರೆದಿಟ್ಟ ಅಂದವಾದ ಪ್ರತಿಯನ್ನು. ಅದರಲ್ಲಿ ಅವರ ಹೆಸರು, ತಂದೆತಾಯಿ, ದಿನಾಂಕ ಇಷ್ಟೇ ಇದ್ದವು. ಕೆಲವು ವರ್ಷಗಳ ಮೇಲೆ ಗುರುಗಳ ಅಪ್ಪಣೆ ಪಡೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮೂಲ ಪುಸ್ತಕವನ್ನು ತೆರೆದೆ. ಅಂಚಿನಲ್ಲಿ ಬೇರೊಂದು ಶಾಯಿಯಲ್ಲಿ ಎರಡು ಸಾಲುಗಳಿದ್ದವು: ಮುಂಬಯಿಯ ಒಂದು ಚರ್ಚಿನ ಹೆಸರು, ವಧುವಿನ ಹೆಸರು, ವರ್ಷ. ಕೊನೆಯ ಪತ್ರ ಬಂದು ಒಂಬತ್ತು ವರ್ಷಗಳಾದ ಮೇಲೆ ಅವರು ಮದುವೆಯಾಗಿದ್ದರು. ಆ ಸಾಲುಗಳನ್ನು ಓದಿ ಹೇಳಲು ಅಜ್ಜಿ ಆಗ ಬದುಕಿರಲಿಲ್ಲ. ಆ ಎರಡು ಸಾಲು ಅಷ್ಟು ವರ್ಷ ಕೆಲವೇ ಮೈಲಿ ದೂರದ ಕಪಾಟಿನಲ್ಲಿದ್ದವು.

ಆದ್ದರಿಂದ ಕುಟುಂಬದ ಇತಿಹಾಸವನ್ನು ಅರಸುವವರಿಗೆ ನನ್ನ ವಿನಮ್ರ ಸಲಹೆಯಿದು. ಮನೆಯ ಹಿರಿಯರಿಂದ ಊರು, ಮನೆಯ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರುಗಳನ್ನು ಮೊದಲು ಬರೆದುಕೊಳ್ಳಿ. ತಿಳಿದವರಿಂದ ಆರಂಭಿಸಿ ತಲೆಮಾರು ತಲೆಮಾರಾಗಿ ಹಿಂದಕ್ಕೆ ಹೋಗಿ. ಚರ್ಚಿನಿಂದ ದೊರೆಯುವ ಪ್ರಮಾಣಪತ್ರವು ದಾಖಲೆಯ ಸಾರಾಂಶವೇ ಹೊರತು ದಾಖಲೆಯಲ್ಲ. ಸಾಧ್ಯವಾದರೆ ಮೂಲವನ್ನು ತೋರಿಸಬೇಕೆಂದು ಗುರುಗಳಲ್ಲಿ ವಿನಂತಿಸಿ. ಮೂಲ ನಾಶವಾಗಿದ್ದರೆ ನಕಲನ್ನು ನಂಬಿ, ಆದರೆ ನಕಲೆಂದು ನಮೂದಿಸಿ. ಓದಿದ್ದನ್ನು ಇದ್ದಂತೆಯೇ ಇಳಿಸಿಕೊಳ್ಳಿ, ತಿದ್ದಬೇಡಿ. ಮನೆತನದ ಹೆಮ್ಮೆಗೆ ಒಪ್ಪದ ಸಂಗತಿ ಕಂಡರೆ ಅದನ್ನು ಮರೆಮಾಚುವುದೂ ಬೇಡ, ನೆರೆಯವರ ಮನೆಯ ಸಂಗತಿ ಕಂಡರೆ ಅದನ್ನು ಸಾರುವುದೂ ಬೇಡ. ಇವು ಸಂಸ್ಕಾರಗಳ ಪುಸ್ತಕಗಳು.

ಕೊನೆಯದಾಗಿ ಧರ್ಮಕೇಂದ್ರದ ಬಾಂಧವರಲ್ಲಿ ಒಂದು ಅರಿಕೆ. ನಮ್ಮ ಮಳೆಗಾಲದ ತೇವ, ಗೆದ್ದಲು, ಕಾಗದವನ್ನು ತಿನ್ನುವ ಹಳೆಯ ಶಾಯಿ ಇವು ಪುಸ್ತಕಗಳ ಶತ್ರುಗಳು. ಹರಿದ ಪುಟಕ್ಕೆ ಅಂಟುಪಟ್ಟಿ ಹಚ್ಚುವುದು, ಪ್ಲಾಸ್ಟಿಕ್ ಹೊದಿಸಿ ಬಿಸಿಯೊತ್ತುವುದು ಉಪಕಾರದ ವೇಷದ ಅಪಕಾರ. ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕೆಂದು 1983ರ ಕಾನೂನು ಸಂಹಿತೆಯೂ ವಿಧಿಸಿದೆ. ಶತಮಾನೋತ್ಸವದ ನೆನಪಿಗಾಗಿ ನಮ್ಮ ಪುಸ್ತಕಗಳ ಪ್ರತಿಯೊಂದು ಪುಟವನ್ನೂ, ಅಂಚುಗಳು ಸೇರಿದಂತೆ, ಛಾಯಾಚಿತ್ರ ತೆಗೆದು ಒಂದು ಪ್ರತಿಯನ್ನು ಧರ್ಮಪ್ರಾಂತ್ಯಕ್ಕೆ ಒಪ್ಪಿಸೋಣ. ಆದರೆ ಪ್ರತಿ ಸಿದ್ಧವಾಯಿತೆಂದು ಮೂಲವನ್ನು ಅಟ್ಟಕ್ಕೆ ಏರಿಸದಿರೋಣ. ಮುಂದಿನ ನೂರು ವರ್ಷಗಳಲ್ಲಿ ಯಾರದೋ ಮೊಮ್ಮಗಳು ನಮ್ಮನ್ನು ಹುಡುಕಿಕೊಂಡು ಬಂದಾಗ, ಅಂಚಿನ ಆ ಎರಡು ಸಾಲುಗಳು ಅವಳಿಗಾಗಿ ಅಲ್ಲಿರಲಿ.