ಪೊರೆಯಲ್ಲಿ ಹುದುಗಿರುವ ದೋಷಯುಕ್ತ ಪ್ರೋಟೀನುಗಳ ವಿಲೇವಾರಿ: ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯ ಸಂದರ್ಭ

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಗೆ ಸಂಬಂಧಿಸಿದ ಜೀನ್ ಪರೀಕ್ಷಾ ವರದಿಗಳಲ್ಲಿ ‘ಎಫ್508ಡೆಲ್’ ಎಂಬ ನಮೂದು ಕಂಡುಬರುವುದುಂಟು. ಸದರಿ ನಮೂದಿನ ಅರ್ಥವನ್ನು ಅರ್ಜಿದಾರರ ಹಾಗೂ ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಶ್ವಾಸನಾಳ, ಮೇದೋಜೀರಕ ಗ್ರಂಥಿ ಮುಂತಾದವುಗಳ ಜೀವಕೋಶಗಳ ಹೊರಪೊರೆಯಲ್ಲಿ ಸಿಎಫ್‌ಟಿಆರ್ ಎಂಬ ಪ್ರೋಟೀನು ಕ್ಲೋರೈಡ್ ಸಂಚಾರಕ್ಕೆ ದ್ವಾರವಾಗಿರುತ್ತದೆ. 1480 ಅಮೈನೊ ಆಮ್ಲಗಳ ಈ ಸರಪಳಿಯು ಕೋಶದ ಒಳಗಿರುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಜಾಲದಲ್ಲಿ ತಯಾರಾಗಿ, ಸರಿಯಾದ ಆಕಾರಕ್ಕೆ ಮಡಚಿಕೊಂಡ ನಂತರವೇ ಹೊರಪೊರೆಗೆ ರವಾನೆಯಾಗುತ್ತದೆ. ಇದರ ಜೀನ್ 1989ರಲ್ಲಿ ಪತ್ತೆಯಾಯಿತು. 508ನೆಯ ಸ್ಥಾನದ ಒಂದೇ ಒಂದು ಅಮೈನೊ ಆಮ್ಲ ಬಿಟ್ಟುಹೋದಲ್ಲಿ ಮಡಿಕೆ ಸರಿಯಾಗಿ ಕೂಡುವುದಿಲ್ಲ.

ಅಂತಹ ಪ್ರೋಟೀನನ್ನು ಜೀವಕೋಶವು ಮುಂದಕ್ಕೆ ಕಳುಹಿಸುವುದಿಲ್ಲ. ಆದರೆ ಅದನ್ನು ಒಡೆಯುವುದೂ ಸುಲಭವಲ್ಲ; ಅದು ಪೊರೆಯನ್ನು 12 ಬಾರಿ ಹಾದುಹೋಗಿರುತ್ತದೆ, ಒಡೆಯುವ ಯಂತ್ರವಾದ ಪ್ರೋಟಿಯಾಸೋಮ್ ಇರುವುದು ಪೊರೆಯ ಆಚೆ, ಕೋಶದ್ರವದಲ್ಲಿ. ಆದುದರಿಂದ ಮೊದಲಿಗೆ ಕಿಣ್ವಗಳು ಅದಕ್ಕೆ ಯುಬಿಕ್ವಿಟಿನ್ ಎಂಬ 76 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನನ್ನು ಸಾಲಾಗಿ ಅಂಟಿಸುತ್ತವೆ. ಇದನ್ನು ರದ್ದತಿಯ ಮೊಹರು ಎನ್ನಬಹುದು. ಬಳಿಕ ಪಿ97 ಎಂಬ ಪ್ರೋಟೀನು ಎಟಿಪಿಯ ಶಕ್ತಿಯನ್ನು ವ್ಯಯಿಸಿ ಅದನ್ನು ಪೊರೆಯಿಂದ ಎಳೆದು ತೆಗೆಯುತ್ತದೆ. ಪ್ರೋಟಿಯಾಸೋಮ್ ಅದನ್ನು ಚೂರು ಮಾಡುತ್ತದೆ. ಮೊಹರುಗಳು ಮಾತ್ರ ಮರುಬಳಕೆಗೆ ಉಳಿಯುತ್ತವೆ. ಯುಬಿಕ್ವಿಟಿನ್ ಮೂಲಕ ನಡೆಯುವ ಈ ವಿಘಟನೆಯನ್ನು ಕಂಡುಹಿಡಿದ ಆರನ್ ಸೀಖಾನೋವರ್, ಅವ್ರಾಮ್ ಹರ್ಷ್‌ಕೊ ಮತ್ತು ಇರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ನೀಡಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತಿರಸ್ಕೃತವಾದ ಈ ಪ್ರೋಟೀನು ಪೂರ್ಣ ನಿರುಪಯುಕ್ತವೇನಲ್ಲ. ಪ್ರಯೋಗಾಲಯದಲ್ಲಿ ಕೋಶಗಳನ್ನು ಕಡಿಮೆ ತಾಪಮಾನದಲ್ಲಿ ಇರಿಸಿದಾಗ ಅದರ ಒಂದು ಭಾಗವು ಹೊರಪೊರೆಯನ್ನು ತಲುಪಿ ಕ್ಲೋರೈಡನ್ನು ಸಾಗಿಸಿತೆಂದು 1992ರಲ್ಲೇ ತಿಳಿದುಬಂದಿತ್ತು. ಅಂದರೆ, ರೋಗಿಗೆ ತೊಂದರೆಯಾಗುತ್ತಿರುವುದು ಬಹುಮಟ್ಟಿಗೆ ತಪಾಸಣೆಯ ಕಟ್ಟುನಿಟ್ಟಿನಿಂದಲೇ. ಹಾಗೆಂದು ತಪಾಸಣೆಯನ್ನೇ ನಿಲ್ಲಿಸುವಂತಿಲ್ಲ; ಇತರ ಪ್ರೋಟೀನುಗಳ ದೋಷಯುಕ್ತ ಪ್ರತಿಗಳೂ ಅದೇ ಮಾರ್ಗದಲ್ಲಿ ವಿಲೇವಾರಿಯಾಗುತ್ತವೆ. ಈ ಕಾರಣದಿಂದ ಔಷಧಗಳು ಮಡಿಕೆಯನ್ನು ಸರಿಪಡಿಸುವತ್ತ ಸಾಗಿವೆ. ಎಲೆಕ್ಸಾಕ್ಯಾಫ್ಟರ್, ಟೆಜಾಕ್ಯಾಫ್ಟರ್ ಮತ್ತು ಐವಾಕ್ಯಾಫ್ಟರ್‌ಗಳ ಸಂಯುಕ್ತ ಔಷಧಕ್ಕೆ ಅಮೆರಿಕದಲ್ಲಿ 2019ರಲ್ಲಿ ಅನುಮೋದನೆ ದೊರೆಯಿತು. ಇವುಗಳಲ್ಲಿ ಮೊದಲಿನ ಎರಡು ಮಡಿಕೆಗೆ ನೆರವಾದರೆ, ಮೂರನೆಯದು ಹೊರಪೊರೆಗೆ ತಲುಪಿದ ದ್ವಾರವನ್ನು ಹೆಚ್ಚು ಕಾಲ ತೆರೆದಿಡುತ್ತದೆ.

ಜೀನ್‌ನಲ್ಲಿನ ದೋಷದಿಂದಾಗಿ ಪ್ರೋಟೀನೇ ತಯಾರಾಗದ ರೋಗಿಗಳಲ್ಲಿ ಸರಿಪಡಿಸಲು ಏನೂ ಇರುವುದಿಲ್ಲವಾದ್ದರಿಂದ ಈ ಔಷಧ ಫಲ ನೀಡದು. ಆದಕಾರಣ ವರದಿಯಲ್ಲಿ ಕಾಯಿಲೆಯ ಹೆಸರು ಮಾತ್ರವಲ್ಲದೆ, ತಂದೆ ಮತ್ತು ತಾಯಿ ಇಬ್ಬರಿಂದಲೂ ಬಂದ ಜೀನ್ ಪ್ರತಿಗಳ ದೋಷ ಯಾವುದೆಂಬುದು ನಮೂದಾಗಿದೆಯೇ ಎಂದು ನೋಡಿಕೊಳ್ಳತಕ್ಕದ್ದು.