ಹಿತ್ತಲ ಗಿಡದ ಹಾಡು ಕಡಲು ದಾಟಿ ಬಂದಾಗ

ಹಿತ್ತಲ ಗಿಡ ಮದ್ದಲ್ಲ ಅಂತೀವಿ. 60 ವರ್ಷಗಳ ಹಿಂದೆ ಅಮೆರಿಕದಲ್ಲೂ ಹಾಗೇ ಆಯಿತು, ಹಾಡಿನ ವಿಷಯದಲ್ಲಿ.

1964ರ ಫೆಬ್ರುವರಿ 7ರಂದು ಇಂಗ್ಲೆಂಡಿನ ಲಿವರ್‌ಪೂಲ್ ಊರಿನ ನಾಲ್ವರು ಹುಡುಗರ ‘ಬೀಟಲ್ಸ್’ ತಂಡ ನ್ಯೂಯಾರ್ಕಿನಲ್ಲಿ ಬಂದಿಳಿಯಿತು. ಎರಡು ದಿನ ಬಿಟ್ಟು ಅವರು ಟಿ.ವಿ.ಯಲ್ಲಿ ಹಾಡಿದ್ದನ್ನು ಸುಮಾರು 7.3 ಕೋಟಿ ಜನ ನೋಡಿದರು. ಏಪ್ರಿಲ್ ಮೊದಲ ವಾರ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಐದೂ ಸ್ಥಾನ ಅವರದೇ. ಹಿಂದೆಯೇ ರೋಲಿಂಗ್ ಸ್ಟೋನ್ಸ್, ಆ್ಯನಿಮಲ್ಸ್ ತಂಡಗಳೂ ಹೋದವು. ಇದಕ್ಕೆ ‘ಬ್ರಿಟಿಷ್ ದಾಳಿ’ ಎಂಬ ಹೆಸರೇ ಬಿತ್ತು.

ಆದರೆ ಈ ಹುಡುಗರು ಹಾಡು ಕಲಿತದ್ದು ಯಾರಿಂದ? ನಾವು ಹುಡುಕುತ್ತಾ ಹೋದರೆ ದಾರಿ ಮತ್ತೆ ಅಮೆರಿಕಕ್ಕೇ ಬರುತ್ತದೆ, ಅಲ್ಲಿನ ಕಪ್ಪು ಜನರ ಮನೆ ಬಾಗಿಲಿಗೆ.

ಮಡ್ಡಿ ವಾಟರ್ಸ್ ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ದುಡಿದವರು, ಟ್ರ್ಯಾಕ್ಟರ್ ಓಡಿಸಿದವರು. 1943ರಲ್ಲಿ ಶಿಕಾಗೊಕ್ಕೆ ಗುಳೆ ಹೋದರು. ಹಳ್ಳಿಯ ‘ಬ್ಲೂಸ್’ ಹಾಡಿಗೆ ಅಲ್ಲಿ ಕರೆಂಟ್ ಗಿಟಾರ್ ಜೋಡಿಸಿದರು. ರೋಲಿಂಗ್ ಸ್ಟೋನ್ಸ್ ಎಂಬ ಹೆಸರು ಬಂದದ್ದೇ ಅವರ 1950ರ ಹಾಡಿನಿಂದ. 1961ರಲ್ಲಿ ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಮಿಕ್ ಜಾಗರ್‌ಗೆ ಬಾಲ್ಯದ ಪರಿಚಯದ ಕೀತ್ ರಿಚರ್ಡ್ಸ್ ಸಿಕ್ಕರು. ಜಾಗರ್ ಕೈಯಲ್ಲಿ ಮಡ್ಡಿ ವಾಟರ್ಸ್, ಚಕ್ ಬೆರ್ರಿ ರೆಕಾರ್ಡುಗಳಿದ್ದವು. ಮಾತು ಅಲ್ಲಿಂದ ಶುರುವಾಗಿ ತಂಡವಾಯಿತು.

ಇತ್ತ ಅಮೆರಿಕದಲ್ಲಿ ಬಿಳಿಯರ ಮನೆಗಳ ಬಹುತೇಕ ಮಕ್ಕಳಿಗೆ ಬ್ಲೂಸ್ ಹಾಡುಗಾರರ ಹೆಸರೇ ಗೊತ್ತಿರಲಿಲ್ಲ. 1965ರ ಮೇ ತಿಂಗಳಲ್ಲಿ ‘ಶಿಂಡಿಗ್’ ಎಂಬ ಟಿ.ವಿ. ಕಾರ್ಯಕ್ರಮ ಸ್ಟೋನ್ಸ್ ತಂಡವನ್ನು ಕರೆಯಿತು. ಹೌಲಿನ್ ವುಲ್ಫ್ ಅವರನ್ನೂ ಕರೆಯಬೇಕು ಎಂದು ತಂಡ ಪಟ್ಟು ಹಿಡಿಯಿತು. ಮಿಸಿಸಿಪ್ಪಿಯಲ್ಲಿ ಹುಟ್ಟಿದ ಈ ಹಾಡುಗಾರನಿಗೆ ಆಗ 54 ವರ್ಷ. ಅವರು ಹಾಡಿದರು; ದೇಶವೆಲ್ಲ ಕುಣಿಸಿದ ಹುಡುಗರು ಅವರ ಕಾಲ ಬಳಿ ಕೂತು ಕೇಳಿದರು.

ಎಲ್ಲರೂ ಹೀಗೆ ಋಣ ಒಪ್ಪಿಕೊಳ್ಳಲಿಲ್ಲ. ಮಡ್ಡಿ ವಾಟರ್ಸ್‌ಗಾಗಿ ವಿಲ್ಲಿ ಡಿಕ್ಸನ್ ಬರೆದ ಹಾಡೊಂದರ ಸಾಲುಗಳು, ‘ಲೆಡ್ ಜೆಪ್ಲಿನ್’ ಎಂಬ ಇನ್ನೊಂದು ಬ್ರಿಟಿಷ್ ತಂಡದ 1969ರ ‘ಹೋಲ್ ಲಾಟಾ ಲವ್’ ಹಾಡಿನಲ್ಲಿ ಸೇರಿಕೊಂಡಿದ್ದವು. ಡಿಕ್ಸನ್ ಹೆಸರು ಇರಲಿಲ್ಲ. ಅವರು 1985ರಲ್ಲಿ ಕೋರ್ಟಿಗೆ ಹೋದರು. 1987ರಲ್ಲಿ ರಾಜಿಯಾಯಿತು. ಈಗ ಆ ಹಾಡಿಗೆ ಅವರ ಹೆಸರೂ ಇದೆ.

ಮುಂದಿನ ಸಲ ಫೋನಿನಲ್ಲಿ ಯಾವುದಾದರೂ ಹಾಡು ಕೇಳುವಾಗ, ಹಾಡಿದವರ ಹೆಸರಿನ ಜೊತೆ ಬರೆದವರ ಹೆಸರನ್ನೂ ಹುಡುಕೋಣ.