ಕಪ್ಪುಬಿಳುಪಿನ ಚಿತ್ರಗಳಿಗೆ ಬಣ್ಣ ಬಂದ ಬಗೆ

ಕನ್ನಡದ ಕಪ್ಪುಬಿಳುಪು ಚಿತ್ರವೊಂದು ಮೊದಲ ಬಾರಿಗೆ ಬಣ್ಣ ತೊಟ್ಟು ಚಿತ್ರಮಂದಿರಕ್ಕೆ ಮರಳಿದ್ದು 2008ರಲ್ಲಿ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ, 1965ರ ‘ಸತ್ಯ ಹರಿಶ್ಚಂದ್ರ’ ಆ ಚಿತ್ರ. ಹಿಂದಿಯ ‘ಮೊಘಲ್-ಎ-ಆಜಂ’ 2004ರಲ್ಲೇ ಈ ದಾರಿ ತೋರಿತ್ತು. ದೊರೆ–ಭಗವಾನ್ ಜೋಡಿಯ ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣದಲ್ಲಿ ಬಂತು.

ಕೆಲಸ ಅಪಾರ ತಾಳ್ಮೆಯದು. ಸಿನಿಮಾದ ಒಂದು ಸೆಕೆಂಡಿಗೆ 24 ಚೌಕಟ್ಟು, ನಿಮಿಷಕ್ಕೆ 1,440. ಮೊದಲು ಗೀರು, ಧೂಳಿನ ಕಲೆ ಅಳಿಸಬೇಕು. ಆಮೇಲೆ ಸೀರೆ, ಕಿರೀಟ, ಮುಖಗಳನ್ನು ಬೇರೆಬೇರೆಯಾಗಿ ಗುರುತಿಸಿ ಕಂಪ್ಯೂಟರಿನಲ್ಲಿ ಬಣ್ಣ ತುಂಬಬೇಕು. ಹಳೆಯ ನೆಗೆಟಿವ್‌ನಲ್ಲಿ ಉಳಿದಿರುವುದು ನೆರಳು ಬೆಳಕು ಮಾತ್ರ. ಸೀರೆ ಹಸಿರೋ ಕೆಂಪೋ ಎಂಬುದನ್ನು ಹೊಸ ತಂಡವೇ ನಿರ್ಧರಿಸಬೇಕು. ದೊಡ್ಡ ಹೊಣೆಯಿದು, ಛಾಯಾಗ್ರಾಹಕ ನೆರಳಿನಲ್ಲೇ ಹೇಳಿದ್ದನ್ನು ಗಾಢ ಬಣ್ಣ ಮುಚ್ಚಿಬಿಡಬಲ್ಲದು.

ಹಳೆಯ ಕೃತಿಗೆ ಹೊಸ ರೂಪ ಕೊಡುವುದು ಸಿನಿಮಾದಲ್ಲಷ್ಟೇ ಅಲ್ಲ. ಚಿತ್ರ ತೋರಿಸುತ್ತಾ ಕಥೆ ಓದಿಸುವ ಜಪಾನಿನ ಗೇಮ್‌ಗಳು, ಅಂದರೆ ವಿಷುಯಲ್ ನಾವೆಲ್‌ಗಳು, ಮರುಹುಟ್ಟು ಪಡೆಯುವಾಗ ಇನ್ನಷ್ಟು ಬದಲಾಗುತ್ತವೆ. 1988ರ ‘ಫ್ಯಾಮಿಕಾಮ್ ಡಿಟೆಕ್ಟಿವ್ ಕ್ಲಬ್’ ಕಥೆ ಉಳಿಸಿಕೊಂಡು 2021ರಲ್ಲಿ ಹೊಸ ಚಿತ್ರ, ಹೊಸ ಧ್ವನಿ ಪಡೆಯಿತು. 2000ದ ‘ತ್ಸುಕಿಹಿಮೆ’ 2021ರಲ್ಲೇ ಮರುರೂಪ ತಾಳಿದಾಗ ಕಥೆಯನ್ನೂ ತಿದ್ದಿ ಬರೆಯಲಾಯಿತು. ಆದರೆ ಕನ್ನಡದ ಆ ಎರಡು ಚಿತ್ರಗಳ ಬಣ್ಣದ ಆವೃತ್ತಿಗಳಲ್ಲಿ ನಾಯಕ ರಾಜ್‌ಕುಮಾರ್ ಅವರ ಅಭಿನಯ ಮೂಲದ್ದೇ.